ಮಳೆ ಬಲ್ಲ ಗಾಡಿ

ಕುದಿಸಿದ ಅರಿಷಿಣ ಒಣಗುವಾಗಿನ ವಾಸನೆಯೇ ಬೇರೆ, ನೆನೆದಾಗಿನ ವಾಸನೆಯೇ ಬೇರೆ. ಒಣಗುವಾಗ ಅದು ಮದುವೆಮನೆಯ ಹಾಗೆ ಬೆಚ್ಚಗೆ ಹಬ್ಬುತ್ತದೆ. ನೆನೆದರೆ ಮಣ್ಣು, ಹೊಗೆ, ಹಳೆಯ ಗೋಣಿಚೀಲ ಎಲ್ಲವೂ ಸೇರಿ ಮೂಗಿಗೆ ಹತ್ತುತ್ತದೆ. ಅದರ ಬೆನ್ನಿಗೆ ಮನೆಯಲ್ಲಿ ಯಾರೂ ಮಾತಾಡದ ಒಂದು ಸಂಜೆ ಬರುತ್ತದೆ. ಹಾರೂಗೇರಿಯ ಧನಪಾಲ ಚಿಕ್ಕವನಿದ್ದಾಗ ಈ ಎರಡನೆಯ ವಾಸನೆಯನ್ನು ಅಜ್ಜಿಯ ಸೆರಗಿನಲ್ಲಿ ಮೂಸಿದ್ದ. ಅಡ್ಡಮಳೆ ಬಂದು, ಕಣದ ತುಂಬ ಹರವಿದ್ದ ಅರಿಷಿಣ ಕಪ್ಪಿಟ್ಟಿತ್ತು. "ಮುಗಿಲಿಗೆ ಬಾಯಿ ಇದ್ದಿದ್ರ ಮೊದಲ ಹೇಳತಿತ್ತು" ಎಂದಷ್ಟೇ ಅಜ್ಜಿ ಹೇಳಿದ್ದಳು.

ಈಗ ಧನಪಾಲನಿಗೆ ಐವತ್ತು ದಾಟಿದೆ. ಹೈಸ್ಕೂಲಿನಲ್ಲಿ ಹೆಡ್ ಕ್ಲಾರ್ಕ್. ಹೊಲವನ್ನು ಪಾಲಿಗೆ ಕೊಟ್ಟು ವರ್ಷಗಳಾದವು. ಮುಗಿಲಿಗೆ ಇಲ್ಲದ ಬಾಯಿಯನ್ನು ತಾನೇ ಒದಗಿಸುವ ಪ್ರಸಂಗ ಬಂದೀತೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಅದು ಬಂದದ್ದು ಕಾರಿನ ರೂಪದಲ್ಲಿ.

ತಿಳಿನೀಲಿ ಬಣ್ಣದ, ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು. ಅದನ್ನು ಕೊಂಡ ಕೂಡಲೇ ಅವನ ಸಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ ಕುಣಾಲ, ನಿಪ್ಪಾಣಿಯಿಂದಲೇ ಅವನನ್ನು 'ಗಡಿಭಾಗ ಇ-ಗಾಡಿ ಮಿತ್ರ ಮಂಡಳ' ಎಂಬ ವಾಟ್ಸಾಪ್ ಗುಂಪಿಗೆ ಸೇರಿಸಿದ. ಚಿಕ್ಕೋಡಿಯಿಂದ ಕಾಗವಾಡದ ತನಕ ಇದ್ದ ಎಲೆಕ್ಟ್ರಿಕ್ ಕಾರಿನವರೆಲ್ಲ ಅಲ್ಲಿದ್ದರು. ಬೆಳಗಾದರೆ ಸಾಕು, ಯಾರ ಗಾಡಿ ಎಷ್ಟು ಬೇಗ ಚಾರ್ಜ್ ಆಗುತ್ತದೆ, ಯಾರ ಸೆನ್ಸಾರ್ ಎಷ್ಟು ಜಾಣ ಎಂಬ ಚರ್ಚೆ.

"ನನ್ನ ಗಾಡಿ ವೈಪರ್ ಬಿಸಲಾಗೂ ತಿರಗತೈತಿ. ಸೆನ್ಸಾರ್ ಮ್ಯಾಲ ತಂಬಾಕಿನ ಧೂಳ ಬಿದ್ರ ಮಳಿ ಅನ್ಕೋತೈತಿ" ಎಂದು ಮಂಡಳದ ಅಧ್ಯಕ್ಷ ವಿಕ್ರಾಂತ ಬರೆದ.

"ನಮ್ಮದು ಹಂಗಲ್ಲ. ಒಂದ ಹನಿಗೆ ಒಂದ ಸಲ, ಹತ್ತ ಹನಿಗೆ ಹತ್ತ ಸಲ" ಎಂದು ಕುಣಾಲ ಬರೆದ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. "ನಮ್ಮ ದಾದಾಂದು ಪಾಪ ಕೆಳಗಿನ ಮಾಡೆಲ್. ಎಲ್ಲಾ ಕೈಲೆ ಮಾಡಬೇಕು" ಎಂದು ಧನಪಾಲನ ಬಗ್ಗೆ ಸೇರಿಸಿ, ಪಕ್ಕದಲ್ಲಿ ಎರಡು ನಗುವ ಮುಖ ಇಟ್ಟ.

ಆ ಎರಡು ಮುಖಗಳು ಧನಪಾಲನನ್ನು ಕೂತಲ್ಲಿ ಕೂರಲು ಬಿಡಲಿಲ್ಲ. ಅಂಗಳಕ್ಕೆ ಹೋದ, ಒಳಗೆ ಬಂದ, ಮತ್ತೆ ಹೋದ. ಕೊನೆಗೆ ಟೈಪ್ ಮಾಡಿದ: "ನನ್ನ ವಾಹನದಲ್ಲಿಯೂ ಸ್ವಯಂಚಾಲಿತ ವೈಪರ್ ಇರುತ್ತದೆ. ಹಿಂದಿನ ಮಾಲೀಕರು ಅಳವಡಿಸಿರುತ್ತಾರೆ." ಸುಳ್ಳು ಹೇಳುವಾಗ ಅವನ ಭಾಷೆ ತಾನಾಗಿಯೇ ಗ್ರಾಂಥಿಕವಾಗುತ್ತಿತ್ತು, ಕಚೇರಿ ಕಲಿಸಿದ ಪಾಠ.

ಹೆಂಡತಿ ಬ್ರಾಹ್ಮಿ ಹೆಗಲ ಮೇಲಿಂದ ಅದನ್ನು ಓದಿದಳು. "ಯಾವ ಮಾಲೀಕ ಏನ ಹಾಕಸ್ಯಾನ್ರಿ? ಸೀಟಿಗೆ ಕವರ್ ಸೈತ ಹಾಕಸಿಲ್ಲ ಆ ಜಿಪುಣ."

ಹೇಳಿದ ಮೇಲೆ ತೋರಿಸಬೇಕಲ್ಲ. ಮರುದಿನ ಸಂಜೆಯೇ ಧನಪಾಲ ಮನೆಯ ಮುಂದೆ ಗಾಡಿಯಲ್ಲಿ ಕೂತು ಸಾಧನೆ ಶುರು ಮಾಡಿದ. ಸ್ಟೇರಿಂಗಿನ ಮಗ್ಗುಲಲ್ಲಿ ವೈಪರಿನ ಕಡ್ಡಿ ಇರುತ್ತದೆ. ಎರಡೂ ಕೈ ಸ್ಟೇರಿಂಗಿನ ಮೇಲೆ ಸಭ್ಯವಾಗಿ ಇರಬೇಕು, ಮುಖ ಮುಂದೆ ನೋಡುತ್ತಿರಬೇಕು, ಎಡಗೈ ಕಿರುಬೆರಳು ಮಾತ್ರ ಯಾರಿಗೂ ಕಾಣದ ಹಾಗೆ ಕಡ್ಡಿಯನ್ನು ಮೀಟಬೇಕು. ತಬಲಾದವರಿಗೂ ಕಷ್ಟವಾದ ವಿದ್ಯೆ. ಅವನಿಗೆ ಅದು ಸಿದ್ಧಿಸುವ ಹೊತ್ತಿಗೆ ಕಿಟಕಿಯಲ್ಲಿ ಒಂದು ತಲೆ ಇಣುಕಿತು.

"ಏನ್ರಿ ಅಣ್ಣಾರ, ಒಣಾ ಕಾಜ ಒರಸಾಕತ್ತೈತಿ ನಿಮ್ಮ ಗಾಡಿ? ಮಳಿ ಎಲ್ಲೈತಿ?"

ಎದುರುಮನೆಯ ಉಸ್ಮಾನ. ಮದುವೆ ಮುಂಜಿಗಳಿಗೆ ಶಾಮಿಯಾನ ಹಾಕುವವನು. ಅವನ ಕೈಯಲ್ಲಿ ಚಹಾದ ಬಸಿ. ಹಿಂದೆ ಅವನ ಹೆಂಡತಿ ಶರೀಫಾಬಿ. ಪಕ್ಕದ ಕಣದಲ್ಲಿ ಅರಿಷಿಣ ಹರವುತ್ತಿದ್ದ ಸುಂದ್ರವ್ವ. ಮುಗಿಲು ತೊಳೆದಿಟ್ಟ ತಾಟಿನ ಹಾಗಿತ್ತು.

ಸಿಕ್ಕಿಬಿದ್ದ ಮನುಷ್ಯ ಹಿಂದೆ ಸರಿಯುವುದಿಲ್ಲ, ಇನ್ನೂ ಮುಂದೆ ಓಡುತ್ತಾನೆ. "ಇದು ಸೆನ್ಸಾರ್, ಉಸ್ಮಾನಭಾಯಿ" ಎಂದ ಧನಪಾಲ ಗಂಭೀರವಾಗಿ. "ಅದಕ್ಕ ಮೊದಲ ಗೊತ್ತಾಗತೈತಿ."

ಉಸ್ಮಾನ ನಕ್ಕ. ಸುಂದ್ರವ್ವ ನಗಲಿಲ್ಲ. ಅವಳು ನಂಬುವ ಸ್ವಭಾವದ ಹೆಂಗಸು. ಮಾತು ಮುಗಿಯುವುದರೊಳಗೆ ಓಡಿಹೋಗಿ ತಾಡಪತ್ರಿ ಎಳೆದು ಅರಿಷಿಣ ಮುಚ್ಚಿದಳು. ಉಸ್ಮಾನನ ಬಸಿಯ ಚಹಾ ಆರಿರಲಿಲ್ಲ. ಅಥಣಿ ಕಡೆಯಿಂದ ಒಂದು ಗುಡುಗು ಬಂತು, ಅದರ ಹಿಂದೆ ಗಾಳಿ, ಗಾಳಿಯ ಹಿಂದೆ ದಪ್ಪ ಹನಿ. ಉಳಿದವರ ಕಣದಲ್ಲೆಲ್ಲ ಕೂಗಾಟ. ಸುಂದ್ರವ್ವನ ಅರಿಷಿಣ ಮಾತ್ರ ಬೆಚ್ಚಗೆ ಮಲಗಿತ್ತು.

ಆ ಮಳೆಯಲ್ಲಿ ಎಲ್ಲರಿಗಿಂತ ಹೆಚ್ಚು ನಡುಗಿದವನು ಧನಪಾಲ.

ಮರುದಿನ ಸುಂದ್ರವ್ವ ಮಜ್ಜಿಗೆಯ ಚರಿಗೆ ಹಿಡಿದು ಬಂದಳು. ಅವಳು ಗಂಡನಿಲ್ಲದವಳು. ಪರರ ಹೊಲವನ್ನು ಪಾಲಿಗೆ ಮಾಡಿ, ವರ್ಷವಿಡೀ ಅರಿಷಿಣದ ಬೇರಿನ ಹಿಂದೆ ಬಗ್ಗಿದವಳು. ಅದು ಬಂಗಾರದ ಬಣ್ಣದಲ್ಲೇ ಸಾಂಗ್ಲಿ ಪೇಟೆ ಮುಟ್ಟಿದರೆ ಮಗಳು ಭಾಗ್ಯಾ ನರ್ಸಿಂಗಿನ ಕೊನೆಯ ವರ್ಷ ಮುಗಿಸುತ್ತಾಳೆ. ಕಪ್ಪಾದರೆ ಮನೆಗೆ ಬರುತ್ತಾಳೆ. "ನಿಮ್ಮ ಗಾಡಿ ಕಾಲಿಗೆ ಬೀಳಬೇಕರಿ ಅಣ್ಣಾರ, ಆದ್ರ ಅದಕ್ಕ ಕಾಲಿಲ್ಲ" ಎಂದು ಟೈರಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡಳು. ಅಂಥವಳ ಮುಂದೆ ಕಿರುಬೆರಳಿನ ಸಂಗತಿ ಹೇಳುವುದು ಹೇಗೆ? ಧನಪಾಲ ಮಜ್ಜಿಗೆ ಕುಡಿದ. ಚರಿಗೆ ತೊಳೆದು ಮರಳಿ ಕೊಟ್ಟ.

ಅಲ್ಲಿಂದ ಮುಂದೆ "ಊಟಾ ಆತೇನ್ರಿ" ಎಂದು ಕೇಳುತ್ತಿದ್ದ ಜನ "ಗಾಡಿ ಏನ ಅಂತೈತ್ರಿ" ಎಂದು ಕೇಳತೊಡಗಿದರು. ಐನಾಪುರದಿಂದ ಮಾಳೇಶನೆಂಬ ದ್ರಾಕ್ಷಿ ಬೆಳೆಗಾರ ಬೈಕಿನಲ್ಲಿ ಬಂದು, ಒಣದ್ರಾಕ್ಷಿಗೆ ಹಾಕಲೋ ಬಿಡಲೋ ಎಂದು ಗಾಡಿಯ ಮುಂದೆ ಕೈಕಟ್ಟಿ ನಿಂತ. ಹೋಗುವಾಗ ಬಾನೆಟ್ ಮೇಲೆ ಒಂದು ಗೊಂಚಲು ದ್ರಾಕ್ಷಿ ಇಟ್ಟುಹೋದ. ಕೃಷಿ ಖಾತೆಯ ಸಿದ್ದಲಿಂಗ ಜೀಪಿನಲ್ಲಿ ಬಂದು, ಗಾಡಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುತ್ತಿ ಫೋಟೋ ಹೊಡೆದ.

"ರೈತರ ಹಿತದೃಷ್ಟಿಯಿಂದ ಇದರ ಮುಖ ಪಶ್ಚಿಮಕ್ಕ ಇರಲಿ, ಕ್ಲಾರ್ಕ ಸಾಹೇಬ್ರ" ಎಂದ.

"ಯಾಕ್ರಿ?"

"ಮಳಿ ಅಲ್ಲಿಂದ ಬರತೈತೆಲ್ಲ. ಬರೂದ ಕಾಣಬೇಕೋ ಬ್ಯಾಡೋ ಅದಕ್ಕ?"

ಒಂದು ಇಲಾಖೆಯ ಮಾತನ್ನು ಇನ್ನೊಂದು ಇಲಾಖೆಯವನಾದ ಧನಪಾಲ ಮೀರುವಂತಿರಲಿಲ್ಲ. ಗಾಡಿ ಪಶ್ಚಿಮಕ್ಕೆ ತಿರುಗಿತು. ಬೆಳಗೆದ್ದು ಫೋನಿನ ಹವಾಮಾನವನ್ನು ಬಚ್ಚಲಮನೆಯಲ್ಲಿ ಕದ್ದು ನೋಡಿ, ಹೊರಗೆ ಬಂದು ಗಾಡಿಯ ಪರವಾಗಿ "ಇವತ್ತ ಏನೂ ಅನ್ನಾಕತ್ತಿಲ್ಲ" ಎಂದು ಘೋಷಿಸುವುದು ಅವನ ನಿತ್ಯಕರ್ಮವಾಯಿತು. ಸುದೈವಕ್ಕೆ ಏಪ್ರಿಲ್ ತಿಂಗಳು. ಏಪ್ರಿಲ್‌ನಲ್ಲಿ "ಮಳೆ ಇಲ್ಲ" ಎನ್ನುವ ಜ್ಯೋತಿಷಿ ಅಷ್ಟು ಸುಲಭಕ್ಕೆ ಸೋಲುವುದಿಲ್ಲ.

ಒಂದು ದಿನ ಸುಂದ್ರವ್ವನ ಕಣದಲ್ಲಿ ತಾಡಪತ್ರಿ ಕಾಣಲಿಲ್ಲ. ಧನಪಾಲ ಗಾಡಿ ಬಿಟ್ಟು ಕಣಕ್ಕೇ ಹೋದ.

"ಸುಂದ್ರಕ್ಕಾ, ತಾಡಪತ್ರಿ?"

"ರಾಯಬಾಗದಾಗ ನಮ್ಮ ತಮ್ಮನ ಮೇವಿನ ಬಣಿವಿಗೆ ಬೇಕಂತ, ಕೊಟ್ಟ ಕಳಸೀನ್ರಿ. ನನಗ್ಯಾಕ ಅದು, ಬಾಜೂಕ ಗಾಡಿ ಐತಿ."

"ಅಕ್ಕಾ, ಅದು ಮಶೀನು. ಒಮ್ಮೊಮ್ಮಿ ತಪ್ಪತೈತಿ."

"ತಪ್ಪೂದು ಮನಷಾರ್ರಿ. ಮಶೀನ ಯಾಕ ತಪ್ಪತೈತಿ?"

ಅಷ್ಟರಲ್ಲಿ ಈ ಕೀರ್ತಿ ನಿಪ್ಪಾಣಿ ಮುಟ್ಟಿತು. ಮಂಡಳದ ಗುಂಪಿನಲ್ಲಿ ಕುಣಾಲ ಬರೆದ: "ರವಿವಾರ ನಿಪ್ಪಾಣಿ ಹೈವೇ ಹೋಟೆಲಿನಾಗ ಮೇಳಾವಾ. ದಾದಾ ತಮ್ಮ ಗಾಡಿ ತರಬೇಕು. ಎಲ್ಲಾರೂ ನೋಡಬೇಕು." ಈ ಸಲ ನಗುವ ಮುಖಗಳು ಎಷ್ಟಿದ್ದವೆಂದು ಧನಪಾಲ ಎಣಿಸಲು ಹೋಗಲಿಲ್ಲ.

ರವಿವಾರ ಬೆಳಿಗ್ಗೆ ಅವನು ಹೊರಟಾಗ ಸುಂದ್ರವ್ವ ಕಣದಲ್ಲಿ ಕೋಲಿನಿಂದ ಅರಿಷಿಣ ತಿರುವುತ್ತಿದ್ದಳು. ಇನ್ನೆರಡು ಬಿಸಿಲು ಸಿಕ್ಕರೆ ಚೀಲ ತುಂಬುವುದಿತ್ತು.

"ಗಾಡಿ ಹೊಂಟತೇನ್ರಿ?"

"ಸಂಜೀ ಒಳಗ ಬರತೀನಿ, ಅಕ್ಕಾ. ಯಾವುದಕ್ಕೂ ತಾಡಪತ್ರಿ ತರಸಿಕೊಂಡಬಿಡ್ರಿ."

"ಯಾಕ್ರಿ? ಗಾಡಿ ಊರ ಬಿಟ್ಟ ಹೊಂಟೈತಿ ಅಂದ್ರ ಇವತ್ತ ಮಳಿ ಇಲ್ಲ ಅಂತನ ಅರ್ಥ."

ಈ ತರ್ಕಕ್ಕೆ ಉತ್ತರ ಹುಡುಕುತ್ತ ಹುಡುಕುತ್ತ ಧನಪಾಲ ಚಿಕ್ಕೋಡಿ ದಾಟಿದ. 

ಹೋಟೆಲಿನ ಹಿಂದೆ, ಚಾರ್ಜಿಂಗ್ ಕಂಬದ ಹತ್ತಿರ, ಗಾಡಿಗಳು ಸಾಲಾಗಿ ನಿಂತಿದ್ದವು. ಯಜಮಾನರು ಒಬ್ಬರ ಬಾನೆಟ್ಟನ್ನು ಒಬ್ಬರು ತಟ್ಟುತ್ತಿದ್ದರು. ಊಟದಲ್ಲಿ ಉಳ್ಳಾಗಡ್ಡಿ, ಬಟಾಟಿ ಬಿಟ್ಟು ಬೇರೇನೂ ಇರಲಿಲ್ಲ. ಅವೆರಡನ್ನೂ ಮುಟ್ಟದ, ಹೊತ್ತು ಮುಳುಗಿದ ಮೇಲೆ ಹನಿ ನೀರನ್ನೂ ಬಾಯಿಗೆ ಹಾಕದ ಜೈನರ ಮನೆಯವನು ಧನಪಾಲ. ಒಂದು ಬಾಳೆಹಣ್ಣು ತಿಂದು ಸುಮ್ಮನಾದ.

"ಗನ್ನಿನ ಮ್ಯಾಲ ಮೂವತ್ತ ಕಿಲೋವ್ಯಾಟ್ ಅಂತ ಬರದಾರ, ಬರೂದು ಹದಿನೈದು" ಎಂದು ಒಬ್ಬ ಚಾರ್ಜರಿನ ಪಿಸ್ತೂಲಿನಂಥ ಹಿಡಿಕೆ ತೋರಿಸಿ ದೂರಿದ.

"ಎರಡ ಗಾಡಿ ಹಚ್ಚಿದ್ರ ಅರ್ಧಾ ಅರ್ಧಾ ಆಗತೈತ್ರಿ" ಎಂದ ವಿಕ್ರಾಂತ. "ಒಂದ ಎಮ್ಮಿಗೆ ಎರಡ ಕರಾ ಬಿಟ್ಟಂಗ. ಅದರಾಗ ಎಂಬತ್ತ ಪರ್ಸೆಂಟ್ ದಾಟಿದ ಮ್ಯಾಲ ಎಮ್ಮಿ ಹಾಲಿನ ಸೊರಾ ಬಿಡೂದಿಲ್ಲ. ಅದ ಇರಲಿ, ಧನಪಾಲರ ಗಾಡಿ ನೋಡೂಣ ಬರ್ರಿ."

ಧನಪಾಲ ಒಳಗೆ ಕೂತ. ಕೈಗಳು ಸ್ಟೇರಿಂಗಿನ ಮೇಲೆ, ಮುಖ ಮುಂದೆ. ಕುಣಾಲ ಬಾಟಲಿಯ ನೀರನ್ನು ಕಾಜಿನ ಮೇಲೆ ಸುರಿದ. ವೈಪರ್ ಅಚ್ಚುಕಟ್ಟಾಗಿ ಒರೆಸಿತು. ಚಪ್ಪಾಳೆ ಬಿತ್ತು. ಕುಣಾಲ ಚಪ್ಪಾಳೆ ತಟ್ಟಲಿಲ್ಲ. ಕಿಟಕಿಯ ಹತ್ತಿರ ಬಂದ.

"ದಾದಾ, ಎರಡೂ ಕೈ ಮ್ಯಾಲ ಎತ್ತರಿ."

"ಯಾಕಪಾ?"

"ಸುಮ್ನ ಎತ್ತರಿ."

ಪೊಲೀಸರ ಮುಂದೆ ನಿಂತವನ ಹಾಗೆ ಧನಪಾಲ ಎರಡೂ ಕೈ ಎತ್ತಿದ. ಮತ್ತೆ ನೀರು ಬಿತ್ತು. ವೈಪರ್ ಅಲ್ಲಾಡಲಿಲ್ಲ. ಇನ್ನೊಂದು ಬಾಟಲಿ ಬಿತ್ತು. ಅಲ್ಲಾಡಲಿಲ್ಲ. ನೀರು ಮಾತ್ರ ಕಾಜಿನ ಮೇಲಿಂದ ಬಹಳ ನಿಧಾನವಾಗಿ, ಎಲ್ಲರಿಗೂ ಕಾಣುವ ಹಾಗೆ ಇಳಿಯಿತು. ಮಂಡಳ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಆ ನಗುವಿನ ನಡುವೆಯೇ, ಯಾವ ಬಾಟಲಿಯಿಂದಲೂ ಬೀಳದ ಒಂದು ಹನಿ ಕಾಜಿಗೆ ಬಡಿಯಿತು. ಮತ್ತೊಂದು. ಪಕ್ಕದಲ್ಲಿ ಗನ್ನು ಹಚ್ಚಿಕೊಂಡೇ ಚಾಲೂ ಇದ್ದ ಕುಣಾಲನ ಗಾಡಿ ತನ್ನ ವೈಪರನ್ನು ಒಮ್ಮೆ ಮರ್ಯಾದೆಯಿಂದ ಆಡಿಸಿತು. ಧನಪಾಲ ಕೈ ಎತ್ತಿಕೊಂಡೇ ಹೊರಗೆ ಇಳಿದು ಮುಗಿಲು ನೋಡಿದ. ಕೊಲ್ಹಾಪುರದ ಕಡೆಯಿಂದ ಎದ್ದ ಕರಿ ಮೋಡ ತಲೆಯ ಮೇಲೆ ಹಾದು ಚಿಕ್ಕೋಡಿಯ ಕಡೆಗೆ ಹೊರಟಿತ್ತು. ಅಲ್ಲಿಂದ ರಾಯಬಾಗ. ಅಲ್ಲಿಂದ ಹಾರೂಗೇರಿ. ಅವನು ಬಂದ ದಾರಿಯೇ.

ಎತ್ತಿದ ಕೈ ಇಳಿಸಿ ಫೋನ್ ಹಚ್ಚಿದ. ಬ್ರಾಹ್ಮಿ ಕಣಕ್ಕೇ ಹೋಗಿ ಸ್ಪೀಕರ್ ಮೇಲೆ ಹಾಕಿದಳು.

"ಸುಂದ್ರಕ್ಕಾ, ಅರಿಷಿಣ ಮುಚ್ಚರಿ. ಮಳಿ ಬರಾಕತ್ತೈತಿ."

"ಗಾಡಿ ಹೇಳತೇನ್ರಿ?"

"ಗಾಡಿ ಅಲ್ಲ, ನಾ ಹೇಳಾಕತ್ತೀನಿ."

"ಗಾಡಿ ಏನ ಅಂತು?"

"ಗಾಡಿ ಏನೂ ಅನ್ನಲಿಲ್ಲ ಅಕ್ಕಾ."

"ಮತ್ತ? ಅದ ಅನ್ನಲಿಲ್ಲಂದ್ರ ಬರೂದಿಲ್ಲ ಬಿಡ್ರಿ. ಇಲ್ಲಿ ಬಿಸಲ ರಣರಣ ಅನ್ನಾಕತ್ತೈತಿ."

"ಆ ವೈಪರ್ ನಾನ ಆಡಸ್ತಿದ್ದೆ, ಅಕ್ಕಾ. ಕಿರಬೆರಳಲೆ. ಅವತ್ತ ಮಳಿ ಬಂದದ್ದು ತಾನ ಬಂತು. ಸೆನ್ಸಾರ್ ಇಲ್ಲ, ಏನೂ ಇಲ್ಲ."

 ಸುಂದ್ರವ್ವ ತಗ್ಗಿದ ದನಿಯಲ್ಲಿ, ಸಮಾಧಾನ ಮಾಡುವವಳ ಹಾಗೆ ಹೇಳಿದಳು: "ನಿಪ್ಪಾಣಿ ಮಂದಿ ಮುಂದ ಹಂಗ ಸಣ್ಣಾಗಬ್ಯಾಡ್ರಿ ಅಣ್ಣಾರ. ಅವರ ಏನ ಬೇಕಾದ್ದ ಅನ್ನಲಿ. ನಿಮ್ಮ ಗಾಡಿ ಎಂಥಾದ್ದು ಅನ್ನೂದ ನಮಗ ಗೊತ್ತೈತಿ."

"ಅವರ ಖರೇನ ಹೇಳಾಕತ್ತಾರ ಅನಸತೈತಿ, ಸುಂದ್ರವ್ವಾ" ಎಂದಳು ಬ್ರಾಹ್ಮಿ.

"ನೀ ಸುಮ್ಮಕಿರ ತಾಯಿ. ಗಂಡನ ಗಾಡಿ ಮ್ಯಾಲ ನಿನಗ ಮೊದಲಿಂದ ಸಿಟ್ಟು."

ಅಲ್ಲಿಗೆ ಫೋನ್ ಕಟ್ಟಾಯಿತು. ಮತ್ತೆ ಹತ್ತಲಿಲ್ಲ.

ಬೆಳಿಗ್ಗೆ ಬರುವಾಗ ಧನಪಾಲ ಠೀವಿಗೆಂದು ದಾರಿಯುದ್ದಕ್ಕೂ ಎ.ಸಿ. ಹಚ್ಚಿದ್ದ. ಗಾಡಿಯಲ್ಲಿ ಉಳಿದ ಚಾರ್ಜು ಚಿಕ್ಕೋಡಿ ಮುಟ್ಟಲೂ ಸಾಲದು. ಗನ್ನಿಗೆ ಸಾಲು ಇತ್ತು. ಧನಪಾಲ ಸಾಲಿನ ಈ ತುದಿಯಿಂದ ಆ ತುದಿಗೆ ಓಡಾಡಿದ. ಯಾರಿಗೆ ಏನು ಹೇಳಬೇಕೋ ತಿಳಿಯದೆ, "ಅರಿಷಿಣ ಐತ್ರಿ, ಕಣದಾಗ, ತಾಡಪತ್ರಿ ಇಲ್ಲ, ಆಕಿ ನನ್ನ ಗಾಡಿ ನಂಬ್ಯಾಳ" ಎಂದು ಸಿಕ್ಕಸಿಕ್ಕವರಿಗೆ ಹೇಳಿದ. ನಗುತ್ತಿದ್ದವರ ನಗು ಒಬ್ಬೊಬ್ಬರದಾಗಿ ನಿಂತಿತು.

ಕುಣಾಲ ಹೋಗಿ ಅರ್ಧ ತುಂಬಿದ್ದ ತನ್ನ ಗಾಡಿಯ ಗನ್ನನ್ನು ಕಿತ್ತ. "ಇಲ್ಲಿ ಹಚ್ಚರಿ ದಾದಾ" ಎಂದ. ಪಕ್ಕದ ಗಾಡಿಯವನೂ ಯಾರೂ ಹೇಳದೆ ತನ್ನದನ್ನು ಕಿತ್ತ, ಧನಪಾಲನಿಗೆ ಪೂರಾ ವೇಗ ಸಿಗಲೆಂದು. ಮಂಡಳದ ಇತಿಹಾಸದಲ್ಲಿ ಯಾರೂ ಇನ್ನೊಬ್ಬರಿಗಾಗಿ ಗನ್ನು ಬಿಟ್ಟುಕೊಟ್ಟದ್ದು ಅದೇ ಮೊದಲು.

ಆದರೂ ಅಂಕೆ ಏರುವುದು ಇರುವೆ ಗೋಡೆ ಹತ್ತಿದ ಹಾಗೆ. ಧನಪಾಲ ಅಂಕೆ ನೋಡಿದ, ಮೋಡ ನೋಡಿದ, ಅಂಕೆ ನೋಡಿದ. ಮೋಡಕ್ಕೆ ಗನ್ನು ಬೇಕಿರಲಿಲ್ಲ, ಅದು ಎಲ್ಲಿಯೂ ನಿಲ್ಲಬೇಕಿರಲಿಲ್ಲ. ಇನ್ನು ತಡೆಯಲಾರೆ ಅನಿಸಿದಾಗ ಗನ್ನು ಕಿತ್ತು ಹೊರಟ.

"ಎ.ಸಿ. ಹಚ್ಚಬ್ಯಾಡ್ರಿ. ಸಾವಕಾಶ ಹೋಗ್ರಿ, ಮುಟ್ಟತೀರಿ. ಜೋರ ಹೋದ್ರ ಮುಟ್ಟೂದಿಲ್ಲ" ಎಂದು ವಿಕ್ರಾಂತ ಹಿಂದಿನಿಂದ ಕೂಗಿದ.

ಇದೇ ಈಗ ಪೇಚಾಟ. ಸಾವಕಾಶ ಹೋದರೆ ಮಳೆಯ ಹಿಂದೆ ಮುಟ್ಟಬೇಕು. ಜೋರಾಗಿ ಹೋದರೆ ಮುಟ್ಟುವುದೇ ಇಲ್ಲ. ಧನಪಾಲ ಎರಡನ್ನೂ ಮಾಡಿದ. ಮೋಡ ಮುಂದೆ ಹೋದದ್ದು ಕಂಡರೆ ಜೋರಾಗಿ, ಅಂಕೆ ಇಳಿದದ್ದು ಕಂಡರೆ ಸಾವಕಾಶವಾಗಿ. ಮೇವು ಹೇರಿದ ಟ್ರ್ಯಾಕ್ಟರಿನವನು ಅವನನ್ನು ಒಮ್ಮೆ ಹಿಂದೆ ಹಾಕಿದ, ಅವನು ಟ್ರ್ಯಾಕ್ಟರನ್ನು ಒಮ್ಮೆ ಹಿಂದೆ ಹಾಕಿದ, ಹೀಗೆ ಚಿಕ್ಕೋಡಿಯ ತನಕ ನಡೆದು, ಕೊನೆಗೆ ಆ ಟ್ರ್ಯಾಕ್ಟರಿನವನೇ ಬಗ್ಗಿ ಕೇಳಿದ: "ಏನಾರ ಆರಾಮಿಲ್ಲೇನ್ರಿ ಕಾಕಾ?" ಎ.ಸಿ. ಇಲ್ಲದೆ ಅಂಗಿ ಮೈಗಂಟಿತ್ತು. ರಾಯಬಾಗ ಬರುವ ಹೊತ್ತಿಗೆ ಹನಿಗಳು ಸಾಲುಗಟ್ಟಿದವು. ಧನಪಾಲ ವೈಪರಿನ ಕಡ್ಡಿಯನ್ನು ಮೀಟಿದ. ಈ ಸಲ ಇಡೀ ಕೈಯಿಂದ. ಯಾರಿಗೂ ಬಚ್ಚಿಡುವ ಅಗತ್ಯವಿರಲಿಲ್ಲ.

ಊರು ಇನ್ನೇನು ಬಂತು ಎನ್ನುವಾಗ, ಕಾಲುವೆಯ ಹತ್ತಿರ, ಗಾಡಿ ಒಂದು ಉಸಿರು ಬಿಟ್ಟಂತೆ ಮಾಡಿ ನಿಂತಿತು. ಗಾಲಿ ನಿಂತರೂ ವೈಪರ್ ನಿಲ್ಲಲಿಲ್ಲ. ಅತ್ತ ಇತ್ತ, ಅತ್ತ ಇತ್ತ, ತನಗೂ ಈ ವ್ಯವಹಾರಕ್ಕೂ ಸಂಬಂಧವಿಲ್ಲವೆಂದು ತಲೆಯಾಡಿಸುವ ಸಾಕ್ಷಿದಾರನ ಹಾಗೆ. ಮಳೆ ಈಗ ದಬದಬನೆ ಸುರಿಯುತ್ತಿತ್ತು. ಬ್ರಾಹ್ಮಿಗೆ ಫೋನ್ ಒಮ್ಮೆ ಹತ್ತಿತು. "ಕಾಲಿವಿ ಕಡೆ ನಿಂತೀನಿ" ಎಂದ, "ಅರಿಷಿಣ?" ಎಂದು ಕೇಳುವುದರೊಳಗೆ ಕಟ್ಟಾಯಿತು.

ಧನಪಾಲ ಬಾಗಿಲು ತೆರೆದ, ಮುಚ್ಚಿದ. ನಡೆದೇ ಹೋಗಲೇ ಎಂದು ಇಳಿದ, ನೆನೆದು ಮತ್ತೆ ಒಳಗೆ ಕೂತ. ಹೋಗಿ ಏನು ನೋಡುವುದಿದೆ? ಅಜ್ಜಿಯ ಸೆರಗಿನ ವಾಸನೆ ಎಲ್ಲಿಂದಲೋ ಬಂದು ಗಾಡಿಯೊಳಗೆ ತುಂಬಿದ ಹಾಗಾಯಿತು. ಹೊಟ್ಟೆ ಹಸಿದಿತ್ತು. ಹೊತ್ತು ಮುಳುಗಿತೋ ಇಲ್ಲವೋ ಈ ಮೋಡದಲ್ಲಿ ಯಾರು ಹೇಳಬೇಕು? ಉಣ್ಣುವ ಮಾತಂತೂ ಇಂದಿಗೆ ಮುಗಿದಂತೆಯೇ.

ಮಳೆ ಸಡಿಲವಾದಾಗ ಊರ ಕಡೆಯಿಂದ ಉಸ್ಮಾನನ ಟೆಂಪೋ ಬಂತು. ಉಸ್ಮಾನ ಹಗ್ಗ ಹಿಡಿದು ಇಳಿದ; ಮೈಯೆಲ್ಲ ಕೆಸರು.

"ಅರಿಷಿಣ ಏನಾತು, ಉಸ್ಮಾನಭಾಯಿ?"

"ನಮ್ಮ ಶಾಮಿಯಾನಾದ ಕೆಳಗ ಐತ್ರಿ. ನಾಳೆ ಒಂದ ಲಗ್ನದ್ದಿತ್ತು, ಅದನ ಹಾಸಿಬಿಟ್ವಿ. ಓಣಿ ಮಂದಿ ಎಲ್ಲಾ ಕೂಡಿ ಎಳದ್ರು."

"ಸುಂದ್ರಕ್ಕ ನಂಬಲಿಲ್ಲಲ್ಲ?"

"ಆಕಿ ಎಲ್ಲಿ ನಂಬತಾಳ. ನಮ್ಮ ಮನಿಯಾಕಿ ನಂಬಿದ್ಳು." ಉಸ್ಮಾನ ಬಗ್ಗಿ ಹಗ್ಗ ಕಟ್ಟುತ್ತ ಹೇಳಿದ. "ಫೋನಿನಾಗ ನಿಮ್ಮ ದನಿ ಕೇಳಿದ್ಳು. ಗಾಡಿ ಖರೆ ಹೇಳತೈತೋ ಸುಳ್ಳ ಹೇಳತೈತೋ ಅಲ್ಲಾಗೆ ಗೊತ್ತು, ಅಣ್ಣಾರ ದನಿ ಅಂತೂ ಸುಳ್ಳ ಹೇಳಾಕತ್ತಿಲ್ಲ, ಏಳ ಅಂದ್ಳು. ಬಿಸಲಾಗನ ಶಾಮಿಯಾನಾ ಹೊರಸಿದ್ಳು. ಮಂದಿ ನಕ್ರು. ಆಮ್ಯಾಲ ನಗಲಿಲ್ಲ."

ಟೆಂಪೋದ ಆ ಕಡೆಯಿಂದ ಸುಂದ್ರವ್ವ ಇಳಿದಳು. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ. ಕಿಟಕಿಯ ಹತ್ತಿರ ಬಂದು ನಿಂತಳು. ವೈಪರ್ ಇನ್ನೂ ಅತ್ತ ಇತ್ತ ಆಡುತ್ತಿತ್ತು.

  ಧನಪಾಲ ಅವಳಿಗೆ ಕಾಣುವ ಹಾಗೆ ಕಡ್ಡಿಯನ್ನು ಕೆಳಗೆ ಒತ್ತಿದ; ವೈಪರ್ ನಿಂತಿತು. ಮೇಲೆತ್ತಿದ, ಓಡಿತು. ಮತ್ತೆ ಒತ್ತಿದ, ನಿಂತಿತು. ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅವಳ ಮುಖ ನೋಡದೆ ಕೂತ.

ಸುಂದ್ರವ್ವ ಕಡ್ಡಿಯನ್ನು ನೋಡಿದಳು, ಕಾಜನ್ನು ನೋಡಿದಳು. ಅವಳ ಸೆರಗಿನಿಂದ ಆ ಹಳೆಯ ವಾಸನೆ ಬರುತ್ತಿತ್ತು, ಆದರೆ ಸಣ್ಣಗೆ.

"ಒಂದ ಮೂಲಿ ನೆನದೈತ್ರಿ" ಎಂದಳು. "ಒಂದ ಬುಟ್ಟಿ ಆದೀತು. ಉಳದದ್ದ ಬೆಚ್ಚಗೈತಿ."

ಆಮೇಲೆ ಕೊಪ್ಪೆಯೊಳಗಿನಿಂದ, ಮಳೆ ತಾಗದ ಹಾಗೆ ಎದೆಗವಚಿಕೊಂಡಿದ್ದ ಅರಿವೆಯ ಗಂಟೊಂದನ್ನು ತೆಗೆದಳು. ರೊಟ್ಟಿಯ ಬಿಸಿ ಅರಿವೆಯ ಹೊರಗೂ ಬರುತ್ತಿತ್ತು. ಕಿಟಕಿಯೊಳಗೆ ಕೈ ಚಾಚಿ ಅವನ ತೊಡೆಯ ಮೇಲೆ ಇಟ್ಟಳು.

"ಹೊತ್ತ ಇನ್ನೂ ಮುಣಗಿಲ್ಲ" ಎಂದಳು. "ಪಲ್ಲ್ಯಾಕ ಉಳ್ಳಾಗಡ್ಡಿ ಹಾಕಿಲ್ಲ."